ಆಫೀಸು ಮತ್ತು ಕಾಫಿ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಿನಲ್ಲಿ ಕಾಫಿ ಇಡುವ ಬಗ್ಗೆ, ಕುಡಿಯುವ ಬಗ್ಗೆ, ಕುಡಿಯುತ್ತಾ ಹರಟುವ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವು ಉದ್ಯೋಗಿಗಳವು, ಕೆಲವು ಎಚ್‌ಆರ್‌ನವರವು, ಒಂದೆರಡು ಮ್ಯಾನೇಜರುಗಳ ಗೊಣಗಾಟ. ನಾನು ಡಾಕ್ಟರ್ ಅಲ್ಲ. ಬಿಪಿ, ಎದೆಬಡಿತ, ಆತಂಕದ ತೊಂದರೆ ಇರುವವರು ತಮ್ಮ ಡಾಕ್ಟರ ಮಾತನ್ನೇ ಕೇಳಬೇಕು.

ಕಾಫಿ ಕುಡಿದರೆ ನಿಜವಾಗಲೂ ಕೆಲಸ ಚೆನ್ನಾಗಿ ಆಗುತ್ತದಾ, ಇಲ್ಲ ಅದು ಬರೀ ಅಭ್ಯಾಸವಾ?

ಎರಡೂ ನಿಜ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ಪದಾರ್ಥ ಸೇರುತ್ತಾ ಹೋಗುತ್ತದೆ. ಅದು ಜಾಸ್ತಿಯಾದ ಹಾಗೆ ಆಕಳಿಕೆ, ಮಂಪರು. ಅಡೆನೊಸಿನ್ ಬಂದು ಕೂರಬೇಕಾದ ಜಾಗವನ್ನು ಕೆಫೀನ್ ಮೊದಲೇ ಹಿಡಿದುಬಿಡುತ್ತದೆ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ದಣಿವು ಅಲ್ಲೇ ಇರುತ್ತದೆ. ಅದು ನಮಗೆ ಗೊತ್ತಾಗುವುದು ಮಾತ್ರ ತಡವಾಗುತ್ತದೆ.

ಇದರ ಲಾಭ ಎದ್ದು ಕಾಣುವುದು ಬೇಜಾರಿನ ಕೆಲಸದಲ್ಲಿ. ಉದ್ದನೆಯ ಎಕ್ಸೆಲ್ ಶೀಟು, ಬಿಲ್ ಎಂಟ್ರಿ, ಸಿಸಿಟಿವಿ ನೋಡುತ್ತಾ ಕೂರುವುದು, ಲಾರಿ ಓಡಿಸುವುದು, ಇಂಥ ಕಡೆ ಗಮನ ಜಾರುವುದು ಕಡಿಮೆಯಾಗುತ್ತದೆ, ಕೈ ಚುರುಕಾಗುತ್ತದೆ. ಹೊಸ ಐಡಿಯಾ ಹುಟ್ಟಿಸುವ ಶಕ್ತಿ ಕಾಫಿಗಿದೆ ಎಂದು ಮಾತ್ರ ನಂಬಬೇಡಿ.

ಇನ್ನೊಂದು ಮಾತು. ದಿನಾ ಕುಡಿಯುವವರಿಗೆ ಬೆಳಗಿನ ಮೊದಲ ಲೋಟ ಕೊಡುವ ಹಿತದಲ್ಲಿ ಒಂದು ಪಾಲು ಹಿಂದಿನ ದಿನದ ಕಾಫಿ ಇಳಿದದ್ದರ ಬಾಕಿ ತೀರಿಸುವುದಕ್ಕೇ ಹೋಗುತ್ತದೆ. ಕಾಫಿ ಪ್ರಿಯರು ಇದನ್ನು ಒಪ್ಪುವುದಿಲ್ಲ. ನನಗೂ ಒಪ್ಪಲು ಇಷ್ಟವಿಲ್ಲ.

ಕುಡಿದ ಎಷ್ಟು ಹೊತ್ತಿಗೆ ಪರಿಣಾಮ ಗೊತ್ತಾಗುತ್ತದೆ?

ಸುಮಾರು ಅರ್ಧ ಗಂಟೆಗೆ. ಮುಖ್ಯವಾದ ಮೀಟಿಂಗ್ ಇದ್ದರೆ ಒಳಗೆ ಹೋಗುತ್ತಾ ಕುಡಿಯುವ ಬದಲು ಸ್ವಲ್ಪ ಮುಂಚೆಯೇ ಕುಡಿಯಿರಿ.

ಇಳಿಯುವುದು ಮಾತ್ರ ನಿಧಾನ. ಹೆಚ್ಚಿನವರಲ್ಲಿ ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದರೆ ರಾತ್ರಿ 10ಕ್ಕೂ ಅರ್ಧ ಒಳಗೇ ಇರುತ್ತದೆ. ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ನಿಧಾನ. ಸಿಗರೇಟು ಸೇದುವವರಲ್ಲಿ ಬೇಗ ಇಳಿಯುತ್ತದೆ. ಅದಕ್ಕೆ ಸಿಗರೇಟು ಬಿಟ್ಟ ಹೊಸತರಲ್ಲಿ ಮೊದಲಿನಷ್ಟೇ ಕಾಫಿ ಕುಡಿದರೂ ಕೈ ನಡುಗುವುದು, ನಿದ್ದೆ ಬಾರದಿರುವುದು ಉಂಟು. "ನಾನು ರಾತ್ರಿ ಕಾಫಿ ಕುಡಿದೇ ಮಲಗೋದು, ಏನೂ ಆಗಲ್ಲ" ಅನ್ನುವವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ. ನಿದ್ದೆ ಬರುವುದೇ ಬೇರೆ, ಆಳವಾದ ನಿದ್ದೆ ಆಗುವುದೇ ಬೇರೆ.

ದಿನಕ್ಕೆ ಎಷ್ಟು ಲೋಟ ಕುಡಿಯಬಹುದು?

ಲೋಟದ ಲೆಕ್ಕ ನಂಬುವ ಹಾಗಿಲ್ಲ, ಕೆಫೀನಿನ ಲೆಕ್ಕ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಮೀರಬಾರದು ಎಂದಿದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಆರೋಗ್ಯವಂತರಿಗೆ 400ರವರೆಗೂ ಸರಿ, ಆದರೆ ಒಂದೇ ಸಲಕ್ಕೆ 200 ದಾಟಬೇಡಿ ಎಂದು 2015ರಲ್ಲಿ ಹೇಳಿದೆ.

ಅದೇ ಭಾರತೀಯ ಮಾರ್ಗಸೂಚಿಯ ಪ್ರಕಾರ 150 ಮಿಲಿ ಬೀಜದ ಪುಡಿಯ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಇನ್‌ಸ್ಟಂಟ್ ಆದರೆ 50ರಿಂದ 65. ಟೀ ಆದರೆ 30ರಿಂದ 65. ಅಂದರೆ ಸ್ಟ್ರಾಂಗ್ ಫಿಲ್ಟರ್ ಕಾಫಿ ಎರಡು ದೊಡ್ಡ ಲೋಟ, ನಡುವೆ ಒಂದು ಟೀ, ಅಷ್ಟಕ್ಕೇ ಕೋಟಾ ಹೆಚ್ಚುಕಡಿಮೆ ಮುಗಿಯಿತು. ಕೋಲಾ, ಎನರ್ಜಿ ಡ್ರಿಂಕ್ ಕೂಡ ಇದೇ ಖಾತೆಗೆ ಸೇರುತ್ತವೆ. ಮೆಷಿನ್ನಿನ ಪುಟ್ಟ ಕಪ್ಪಿನಲ್ಲಿ ಕುಡಿಯುವವರಿಗೆ ಸ್ವಲ್ಪ ರಿಯಾಯಿತಿ ಇದೆ. ಆದರೆ ಪುಟ್ಟ ಕಪ್ ಅಂತ ಹೇಳಿಕೊಂಡೇ ಐದಾರು ಸಲ ಎದ್ದು ಹೋಗುವವರೂ ಅವರೇ.

ಫಿಲ್ಟರ್ ಕಾಫಿ, ಪ್ರೀಮಿಕ್ಸ್ ಮೆಷಿನ್, ಬೀಜ ಅರೆಯುವ ಮೆಷಿನ್: ಯಾವುದು ಇಡಬೇಕು?

ಪ್ರೀಮಿಕ್ಸ್ ಅಂದರೆ ಇನ್‌ಸ್ಟಂಟ್ ಕಾಫಿ, ಹಾಲಿನ ಪುಡಿ, ಸಕ್ಕರೆ ಎಲ್ಲ ಮೊದಲೇ ಬೆರೆಸಿದ ಪುಡಿ. ಬಟನ್ ಒತ್ತಿದರೆ ಸಾಕು. ಅಗ್ಗ, ಕೆಲಸ ಕಡಿಮೆ. ಒಮ್ಮೆ ಆ ಪ್ಯಾಕೆಟ್ ತಿರುಗಿಸಿ ಓದಿ. ಜಾಸ್ತಿ ಇರುವ ಪದಾರ್ಥವನ್ನು ಮೊದಲು ಬರೆಯುವುದು ನಿಯಮ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಮೊದಲ ಹೆಸರು ಸಕ್ಕರೆಯದೇ. ಸಕ್ಕರೆ ಬೇಡ ಎನ್ನುವವರಿಗೆ ಈ ಮೆಷಿನ್ನಿನಲ್ಲಿ ದಾರಿಯೇ ಇಲ್ಲ. ಪ್ರೀಮಿಕ್ಸೇ ಗತಿ ಎಂದಾದರೆ ಸಕ್ಕರೆ ಇಲ್ಲದ್ದನ್ನು ತರಿಸಿ, ಸಕ್ಕರೆ ಬೇರೆ ಇಡಿ.

ಬೀಜ ಅರೆದು ಕೊಡುವ ಮೆಷಿನ್ ರುಚಿಯಲ್ಲಿ ಎಷ್ಟೋ ಮೇಲು, ಬೆಲೆಯಲ್ಲೂ ಮೇಲು. ಹಾಲಿನ ಪೈಪನ್ನು ದಿನಾ ತೊಳೆಯದಿದ್ದರೆ ಮಾತ್ರ ಕಥೆ ಮುಗಿದಂತೆ. ಮೆಷಿನ್ ತರಿಸುವಾಗ ಅದನ್ನು ಯಾರು, ಎಷ್ಟು ದಿನಕ್ಕೊಮ್ಮೆ ತೊಳೆಯುತ್ತಾರೆ ಎಂಬ ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಆಮೇಲಿನ ವಾಸನೆ ಇಲ್ಲಿ ಬೇಡ.

ನನ್ನ ಓಟು ಡಿಕಾಕ್ಷನ್ನಿಗೆ. ದೊಡ್ಡ ಸ್ಟೀಲ್ ಫಿಲ್ಟರ್ ಇಟ್ಟು, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಇಳಿಸಿ, ಬಿಸಿ ಹಾಲು ಬೆರೆಸಿ ಕೊಡುವ ಒಬ್ಬರು ಇದ್ದರೆ ಐವತ್ತು ಜನರ ಆಫೀಸಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಲೈಟಾ, ಸ್ಟ್ರಾಂಗಾ, ಸಕ್ಕರೆ ಎಷ್ಟು ಎಂದು ಕೇಳಿ ಕೊಡುವ ಮನುಷ್ಯರ ಜಾಗಕ್ಕೆ ಬಟನ್ ಬಂದ ಮೇಲೆ ಆಫೀಸುಗಳಲ್ಲಿ ಏನೋ ಕಳೆದುಹೋಗಿದೆ ಎಂದು ಹಳಬರು ಹೇಳುವುದು ಸುಮ್ನೆ ಅಲ್ಲ.

ಪುಡಿ ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಚಿಕೋರಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರಬಾರದು ಎಂದು ನಮ್ಮ ಆಹಾರ ನಿಯಮ ಹೇಳುತ್ತದೆ. ಹಾಗಾಗಿ 49ರವರೆಗೆ ಚಿಕೋರಿ ತುಂಬಿದ ಪ್ಯಾಕೆಟ್ ಕೂಡ ಕಾನೂನುಬದ್ಧವೇ. ಎಷ್ಟಿದೆ ಎಂಬುದು ಪ್ಯಾಕೆಟ್ ಮೇಲೆ ಇರುತ್ತದೆ. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲ. ಬಣ್ಣ ಕಪ್ಪಗೆ, ಡಿಕಾಕ್ಷನ್ ಗಟ್ಟಿ, ಆದರೆ ಎಚ್ಚರ ತರುವ ಶಕ್ತಿ ಕಡಿಮೆ. 80ಕ್ಕೆ 20 ನನಗೆ ಹಿಡಿಸುವ ಹದ. ಎರಡನೆಯದು, ಬೀಜ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಇರುವ ನಮ್ಮ ರಾಜ್ಯದಲ್ಲೇ, ಅದರಲ್ಲೂ ಹೆಚ್ಚಿನವರು ಸಣ್ಣ ಬೆಳೆಗಾರರು. ಹುರಿದ ತಾರೀಖು ಬರೆದುಕೊಡುವ ಅಂಗಡಿ ಹತ್ತಿರದಲ್ಲೇ ಸಿಗುವಾಗ ಎಲ್ಲಿಂದಲೋ ಹಳೇ ಡಬ್ಬ ಯಾಕೆ ತರಿಸಬೇಕು?

ಆಫೀಸ್ ಕಾಫಿಯಿಂದ ಕೊಲೆಸ್ಟರಾಲ್ ಏರುತ್ತದೆ ಅಂತಾರೆ. ಹೌದಾ?

ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು ಆಫೀಸುಗಳ ಕಾಫಿ ಮೆಷಿನ್ನುಗಳನ್ನು ಪರೀಕ್ಷಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೋಹದ ಜರಡಿ ಇರುವ ಎಷ್ಟೋ ಮೆಷಿನ್ನುಗಳ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯಂಥ ಪದಾರ್ಥ ಜಾಸ್ತಿ ಇತ್ತು. ಅದು ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ. ಪೇಪರ್ ಫಿಲ್ಟರ್ ಅದನ್ನು ತಡೆಯುತ್ತದೆ. ನಮ್ಮ ಸ್ಟೀಲ್ ಫಿಲ್ಟರಿನಲ್ಲೂ ಪೇಪರ್ ಇಲ್ಲ ಎಂಬುದು ನೆನಪಿರಲಿ. ಒಂದೆರಡು ಲೋಟಕ್ಕೆ ಹೆದರಬೇಕಾಗಿಲ್ಲ. ಕೊಲೆಸ್ಟರಾಲ್ ಮೊದಲೇ ಜಾಸ್ತಿ ಇದ್ದು ದಿನವಿಡೀ ಕುಡಿಯುವವರು ಪೇಪರ್ ಫಿಲ್ಟರ್ ಕಾಫಿಗೋ ಇನ್‌ಸ್ಟಂಟಿಗೋ ಹೊರಳುವುದು ಒಳ್ಳೆಯದು.

ಕಾಫಿ ಕೊಟ್ಟರೆ ಕಂಪನಿಗೆ ಏನು ಸಿಗುತ್ತದೆ? ಅದು ಬರೀ ಖರ್ಚಲ್ವಾ?

ಇದಕ್ಕೆ ಒಂದು ಹಳೆಯ ಕೋರ್ಟ್ ಕೇಸು ನೋಡಬೇಕು. ಅಮೆರಿಕದ ಡೆನ್ವರ್ ಊರಿನಲ್ಲಿ ಲಾಸ್ ವಿಗ್ವಾಮ್ ವೀವರ್ಸ್ ಎಂಬ ಟೈ ನೇಯುವ ಕಾರ್ಖಾನೆ ಇತ್ತು. ಎರಡನೇ ಮಹಾಯುದ್ಧಕ್ಕೆ ಯುವಕರೆಲ್ಲ ಹೋದರು. ಮಾಲೀಕ ಫಿಲ್ ಗ್ರೈನೆಟ್ಜ್ ವಯಸ್ಸಾದವರನ್ನು ಸೇರಿಸಿಕೊಂಡ, ಅವರಿಗೆ ಸೂಕ್ಷ್ಮ ನೇಯ್ಗೆ ಆಗಲಿಲ್ಲ. ಆಮೇಲೆ ಮಧ್ಯವಯಸ್ಸಿನ ಹೆಂಗಸರನ್ನು ತಂದ. ಅವರು ಚೆನ್ನಾಗಿಯೇ ನೇಯ್ದರು, ಆದರೆ ಇಡೀ ದಿನ ಕೂತು ದಣಿದುಹೋಗುತ್ತಿದ್ದರು. ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಬಿಡುವು ಕೊಡಿ, ಕಾಫಿ-ಟೀ ಇಡಿ ಎಂದು ಕೇಳಿದವರು ಅವರೇ. ಕೊಟ್ಟ. ಕೆಲಸ ಏರಿತು. ಖುಷಿಯಾದ ಮಾಲೀಕ ಬ್ರೇಕ್ ಕಡ್ಡಾಯ ಎಂದ, ಜೊತೆಗೆ ಆ ಅರ್ಧ ಗಂಟೆಯ ಸಂಬಳ ಇಲ್ಲ ಎಂದೂ ಹೇಳಿದ!

ಕಾರ್ಮಿಕ ಇಲಾಖೆ ಕೇಸು ಹಾಕಿತು. 1956ರಲ್ಲಿ ಮೇಲಿನ ಕೋರ್ಟ್, ಈ ಬಿಡುವಿನಿಂದ ಮಾಲೀಕನಿಗೂ ಲಾಭವಿದೆ, ಹಾಗಾಗಿ ಅದು ಕೆಲಸದ ಸಮಯವೇ, ಸಂಬಳ ಕೊಡಬೇಕು ಎಂದು ತೀರ್ಪು ಕೊಟ್ಟಿತು. ಅಲ್ಲಿ ಇವತ್ತಿಗೂ ಚಿಕ್ಕ ಬ್ರೇಕುಗಳನ್ನು ಸಂಬಳದ ಸಮಯ ಎಂದೇ ಲೆಕ್ಕ ಹಾಕುತ್ತಾರೆ.

ನಾನು ಈ ಕೇಸಿನಿಂದ ತಿಳಿಯುವುದು ಇಷ್ಟು. ಆ ಹೆಂಗಸರು ಕೇಳಿದ್ದು ಬಿಡುವು, ಕಾಫಿ ಅದರ ಜೊತೆಗೆ ಬಂತು. ನಮ್ಮ ಕಡೆ ಅನೇಕ ಕಂಪನಿಗಳು ದುಬಾರಿ ಮೆಷಿನ್ ತಂದಿಡುತ್ತವೆ, ಅದರ ಮುಂದೆ ಐದು ನಿಮಿಷ ನಿಂತರೆ ಮುಖ ಗಂಟಿಕ್ಕುತ್ತವೆ. ಕಪ್ ಹಿಡಿದು ಸೀಟಿಗೆ ಓಡಿಬರುವ ಕಾಫಿಯಲ್ಲಿ ಕೆಫೀನ್ ಇದೆ, ಬಿಡುವು ಇಲ್ಲ. ಖರ್ಚು ಮಾಡಿಯೂ ಅರ್ಧ ಲಾಭ ಬಿಟ್ಟುಕೊಟ್ಟ ಹಾಗಾಯಿತು.

ನಮ್ಮ ದೇಶದಲ್ಲಿ ಕಾಫಿ ಬ್ರೇಕ್ ಕಾನೂನಿನಲ್ಲಿದೆಯಾ?

ಕಾಫಿ ಎಂಬ ಹೆಸರಿನಲ್ಲಿ ಇಲ್ಲ. ವಿರಾಮ ಮತ್ತು ಕ್ಯಾಂಟೀನ್ ಬಗ್ಗೆ ಇದೆ. 1948ರ ಕಾರ್ಖಾನೆ ಕಾಯ್ದೆ ಸತತ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು ಎಂದಿತ್ತು. 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಕ್ಯಾಂಟೀನ್ ಬೇಕಿತ್ತು. ಕೆಲಸದ ಸುರಕ್ಷತೆ, ಆರೋಗ್ಯ ಕುರಿತ 2020ರ ಸಂಹಿತೆ ಆ ಸಂಖ್ಯೆಯನ್ನು 100ಕ್ಕೆ ಇಳಿಸಿದೆ, ಗುತ್ತಿಗೆ ಕಾರ್ಮಿಕರನ್ನೂ ಸೇರಿಸಿ ಎಣಿಸಬೇಕು. ಹನ್ನೊಂದು ಗಂಟೆಯ ಕಾಫಿ ಮಾತ್ರ ಇನ್ನೂ ಮರ್ಜಿಯ ಮಾತೇ.

ಕಾಫಿ ನೆಪದಲ್ಲಿ ಹರಟೆಯೇ ಜಾಸ್ತಿ. ಇದನ್ನು ತಡೆಯುವುದು ಹೇಗೆ?

ತಡೆಯಬೇಡಿ. ಇಬ್ಬರು ಬೈಟು ಕಾಫಿಗೆ ಹೋದರೆ ಕ್ರಿಕೆಟ್ ಮಾತಾಡುತ್ತಾರೆ, ಟ್ರಾಫಿಕ್ ಬೈಯುತ್ತಾರೆ, ಕೊನೆಗೆ "ಆ ಫೈಲು ಎಲ್ಲಿ ಸಿಕ್ಕಿಕೊಂಡಿದೆ ಗುರು" ಎಂದು ಕೇಳಿಯೇ ಕೇಳುತ್ತಾರೆ. ಮೂರು ಮೇಲ್‌ಗಳಲ್ಲಿ ಆಗದ್ದು ಅಲ್ಲಿ ಆಗುತ್ತದೆ. ಹೊಸದಾಗಿ ಸೇರಿದವರಿಗೆ ಯಾರನ್ನು ಯಾವುದಕ್ಕೆ ಕೇಳಬೇಕು ಎಂಬುದು ಗೊತ್ತಾಗುವುದೂ ಅಲ್ಲೇ.

ಅಮೆರಿಕದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಹತ್ತಿರದ್ದು. ಗುಂಪು ಚರ್ಚೆಗೆ ಮೊದಲು ಕಾಫಿ ಕುಡಿದವರು ತಮ್ಮ ಬಗ್ಗೆಯೂ ಜೊತೆಗಾರರ ಬಗ್ಗೆಯೂ ಹೆಚ್ಚು ಒಳ್ಳೆಯ ಅಭಿಪ್ರಾಯ ಹೇಳಿದರು, ವಿಷಯ ಬಿಟ್ಟು ಅತ್ತಿತ್ತ ಹೋಗಲಿಲ್ಲ. ಕೆಫೀನ್ ತೆಗೆದ ಕಾಫಿ ಕುಡಿದವರಲ್ಲಿ ಅಷ್ಟು ಕಾಣಲಿಲ್ಲ. ಭಾಗವಹಿಸಿದವರು ಕಾಲೇಜು ವಿದ್ಯಾರ್ಥಿಗಳು, ಹಾಗಾಗಿ ಇದನ್ನೇ ಹಿಡಿದುಕೊಂಡು ಆಫೀಸ್ ಪಾಲಿಸಿ ಬರೆಯಲು ಹೋಗಬೇಡಿ. ಆದರೆ ಕಷ್ಟದ ಮೀಟಿಂಗಿಗೆ ಮುಂಚೆ ಎಲ್ಲರಿಗೂ ಒಂದೊಂದು ಲೋಟ ಕೊಡುವುದರಲ್ಲಿ ನಷ್ಟವೇನೂ ಇಲ್ಲ.

ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್‌ನವರು ಪ್ಯಾಂಟ್ರಿ ಕಾಫಿ ಕುಡಿಯಬಹುದಾ?

ಈ ಪ್ರಶ್ನೆ ಏಳಬಾರದಿತ್ತು. ಆದರೂ ಏಳುತ್ತದೆ. ಕುಡಿಯಬಹುದು. ಅದೇ ಮೆಷಿನ್, ಅದೇ ಪುಡಿ, ಅದೇ ಕಪ್. ಅವರು ಬೇರೆ ಏಜೆನ್ಸಿಯವರು ಎಂಬ ಕಾರಣ ಕೊಟ್ಟು ಬೇರೆ ಲೋಟ ಇಡುವ ಆಫೀಸುಗಳಿವೆ. ಬೇರೆ ಲೋಟ ಇಡುವುದಕ್ಕೆ ನಮ್ಮ ಊರುಗಳಲ್ಲಿ ಏನು ಅರ್ಥ ಇತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಮಾಡುವ ಕೆಲಸ ನೋಡಿದರೂ ಅಷ್ಟೆ: ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ನೆಲ ಒರೆಸುವವರಿಗೆ, ರಾತ್ರಿಯಿಡೀ ಗೇಟಿನಲ್ಲಿ ಎಚ್ಚರ ಇರಬೇಕಾದವರಿಗೆ ಕಾಫಿಯ ಅಗತ್ಯ ಎಲ್ಲರಿಗಿಂತ ಹೆಚ್ಚು. ಪ್ಯಾಂಟ್ರಿ ಬಾಗಿಲಿಗೆ ಕಾರ್ಡ್ ಹಾಕಿಸಿದ್ದರೆ ಅವರ ಕಾರ್ಡಿಗೂ ಅದು ತೆರೆಯುತ್ತದೆಯೇ ನೋಡಿ.

ನೈಟ್ ಶಿಫ್ಟ್‌ನವರು ಹೇಗೆ ಕುಡಿಯಬೇಕು?

ಶಿಫ್ಟಿನ ಮೊದಲ ಅರ್ಧದಲ್ಲಿ ಕುಡಿಯಿರಿ, ಅದೂ ಸಣ್ಣ ಸಣ್ಣ ಕಪ್ಪಿನಲ್ಲಿ. ಮನೆಗೆ ಹೋಗಿ ಮಲಗುವುದಕ್ಕೆ ಕನಿಷ್ಠ 6 ಗಂಟೆ ಮೊದಲು ನಿಲ್ಲಿಸಿ. 2013ರ ಒಂದು ಅಧ್ಯಯನದಲ್ಲಿ ಮಲಗುವ 6 ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿತವಾಗಿತ್ತು. ಹಗಲು ನಿದ್ದೆ ಮೊದಲೇ ಕಷ್ಟ. ಮೇಲಿನ ಮನೆಯ ಮಿಕ್ಸಿ, ಬೀದಿಯ ತರಕಾರಿ ಗಾಡಿಯ ಮೈಕು, ಅದರ ಮೇಲೆ ಕೆಫೀನ್ ಬೇರೆ ಯಾಕೆ?

ನಡುರಾತ್ರಿ ತೂಕಡಿಕೆ ತಡೆಯಲಾಗದಿದ್ದರೆ ಒಂದು ಉಪಾಯವಿದೆ. ಕಾಫಿ ಬೇಗ ಕುಡಿದು ತಕ್ಷಣ 15-20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕೆಫೀನ್ ಕೆಲಸ ಶುರು ಮಾಡಿರುತ್ತದೆ, ನಿದ್ದೆಯ ಲಾಭವೂ ಸೇರುತ್ತದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ನಿದ್ದೆಗೆಟ್ಟ ಚಾಲಕರ ಮೇಲೆ ಇದನ್ನು ಪರೀಕ್ಷಿಸಿ, ಸಿಮ್ಯುಲೇಟರಿನಲ್ಲಿ ತಪ್ಪುಗಳು ಕಡಿಮೆಯಾದದ್ದನ್ನು ಕಂಡರು. ಕ್ಯಾಬ್ ಡ್ರೈವರುಗಳಿಗೆ ಮಲಗಲು ಒಂದು ಜಾಗ ಕೊಡುವುದು ಕಂಪನಿಯ ಕೆಲಸ. ಅವರಿಗೆ ಬರೀ ಕಾಫಿ ಕುಡಿಸಿ ಮತ್ತೆ ಗಾಡಿ ಹತ್ತಿಸುವುದು ಅಪಾಯ.

ಊಟ ಆದ ತಕ್ಷಣ ಒಂದು ಕಾಫಿ ಬೇಕೇ ಬೇಕು. ಪರವಾಗಿಲ್ವಾ?

ಸ್ವಲ್ಪ ತಡೆಯಿರಿ. ಕಾಫಿ, ಟೀಯಲ್ಲಿರುವ ಟ್ಯಾನಿನ್‌ನಂಥ ಅಂಶಗಳು ಊಟದ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣಕ್ಕೆ ಈ ಪೆಟ್ಟು ಜಾಸ್ತಿ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕುಡಿಯಬೇಡಿ ಎಂದು 2024ರ ಮಾರ್ಗಸೂಚಿಯೂ ಹೇಳುತ್ತದೆ. ರಕ್ತ ಕಡಿಮೆ ಇರುವ ಹೆಂಗಸರು ಇದನ್ನು ಖಂಡಿತ ಪಾಲಿಸಬೇಕು. 1 ಗಂಟೆಗೆ ಊಟ, ಎರಡೂವರೆಗೆ ಕಾಫಿ. ನಿದ್ದೆ ಎಳೆಯುವ ಹೊತ್ತೂ ಅದೇ.

ಖಾಲಿ ಹೊಟ್ಟೆಗೆ ಕುಡಿದರೆ ಗ್ಯಾಸ್ಟ್ರಿಕ್ ಆಗುತ್ತದಾ?

ಕೆಲವರಿಗೆ ಆಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಎದೆ ಉರಿ ಬರುವವರು ಎರಡು ಇಡ್ಲಿ ತಿಂದು ಕುಡಿಯಲಿ.

ಬಸುರಿಯರು?

ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಒಳಗೆ ಇರಲಿ, ಟೀ ಕೂಡ ಸೇರಿಸಿ. ಉಳಿದದ್ದು ಡಾಕ್ಟರಿಗೆ ಬಿಟ್ಟದ್ದು.

ಭಾನುವಾರ ತಲೆನೋವು ಬರುತ್ತದೆ, ಸೋಮವಾರ ಆಫೀಸಿಗೆ ಬಂದರೆ ಹೋಗುತ್ತದೆ. ಯಾಕೆ?

ಆಫೀಸ್ ಮೇಲಿನ ಪ್ರೀತಿಯಿಂದ ಅಂತೂ ಅಲ್ಲ. ವಾರವಿಡೀ ನಾಲ್ಕು ಕಪ್ ಕುಡಿದು ರಜೆಯ ದಿನ ಒಂದಕ್ಕೆ ಇಳಿದರೆ ದೇಹ ತಕರಾರು ತೆಗೆಯುತ್ತದೆ. ಬಿಟ್ಟ 12ರಿಂದ 24 ಗಂಟೆಯೊಳಗೆ ತಲೆನೋವು, ಸಿಡುಕು, ಮಂಪರು ಶುರುವಾಗುತ್ತದೆ. ಪೂರ್ತಿ ಬಿಟ್ಟವರಿಗೆ ಒಂದು ವಾರದವರೆಗೂ ಇರಬಹುದು. ಕಡಿಮೆ ಮಾಡಬೇಕೆಂದರೆ ವಾರಕ್ಕೊಂದು ಕಪ್ ಹಾಗೆ ನಿಧಾನವಾಗಿ ಇಳಿಸಿ.

ಸಕ್ಕರೆ ಬಗ್ಗೆ ಏನು ಹೇಳುತ್ತೀರಿ?

ಕಾಫಿಯಲ್ಲಿ ನಿಜವಾದ ತೊಂದರೆ ಹೆಚ್ಚಾಗಿ ಅದೇ. ಲೋಟಕ್ಕೆ ಎರಡು ಚಮಚ ಅಂದರೆ 8ರಿಂದ 10 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮೂರು ಲೋಟಕ್ಕೆ ಅದು ಮುಗಿಯಿತು, ಸಂಜೆಯ ಬಿಸ್ಕೆಟ್ ಇನ್ನೂ ಬಂದಿಲ್ಲ. ಕಾಫಿ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ, ನಿಜ. ಅದನ್ನು ಓದಿ ಮೂರು ಚಮಚ ಸಕ್ಕರೆಯ ಕಾಫಿಯನ್ನು ಔಷಧಿ ಎಂದುಕೊಳ್ಳುವುದು ನಮ್ಮ ಜಾಣತನ.

ಪೇಪರ್ ಕಪ್ ಸರಿಯಾ?

ಸರಿಯಲ್ಲ. ಪೇಪರ್ ಕಪ್ಪಿನ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಬಿಸಿ ದ್ರವ 15 ನಿಮಿಷ ಇದ್ದರೆ 100 ಮಿಲಿಗೆ ಸುಮಾರು 25,000 ಮೈಕ್ರೋಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಐಐಟಿ ಖರಗ್‌ಪುರದವರು 2020ರಲ್ಲಿ ಕಂಡುಕೊಂಡರು. ಸೇರಿದ ದಿನ ಲ್ಯಾಪ್‌ಟಾಪ್ ಬ್ಯಾಗಿನ ಜೊತೆ ಒಂದು ಸ್ಟೀಲ್ ಲೋಟ ಕೊಟ್ಟರೆ ಮುಗಿಯಿತು. ಲೋಟದ ಕೆಳಗಿಡುವ ಬಟ್ಟಲೂ ಕೊಟ್ಟರೆ ಇನ್ನೂ ಸಂತೋಷ.

ನಾನು ಕಾಫಿ ಕುಡಿಯುವುದಿಲ್ಲ. ನನಗೇನು?

ಬ್ರೇಕ್ ನಿಮಗೂ ಇದೆ, ಎದ್ದು ಹೋಗಿ. ಸಿಗರೇಟಿಗೆ, ಕಾಫಿಗೆ ಎದ್ದರೆ ಯಾರೂ ಕೇಳುವುದಿಲ್ಲ, ಸುಮ್ಮನೆ ಕಿಟಕಿ ಹತ್ತಿರ ನಿಂತರೆ ಮಾತ್ರ "ಏನು ಕೆಲಸ ಇಲ್ವಾ" ಅಂತಾರೆ. ಪ್ಯಾಂಟ್ರಿಯಲ್ಲಿ ಮಜ್ಜಿಗೆ, ಕಷಾಯ, ಬಾದಾಮಿ ಹಾಲು ಇಡಿಸುವಂತೆ ಕೇಳಿ. ಮಂಗಳೂರು, ಕಲಬುರಗಿಯ ಬೇಸಿಗೆಗೆ ಮಜ್ಜಿಗೆಯೇ ವಾಸಿ.

ನಮ್ಮದು ಆರೇ ಜನರ ಆಫೀಸು. ಮೆಷಿನ್ ಬೇಕಾ?

ಬೇಡ. ಒಂದು ಮಧ್ಯಮ ಅಳತೆಯ ಫಿಲ್ಟರ್, ಇಂಡಕ್ಷನ್ ಒಲೆ, ದಿನಾ ಒಂದು ಲೀಟರ್ ಹಾಲು ಸಾಕು. ಸುಮಾರು 60 ಗ್ರಾಂ ಪುಡಿ ಹಾಕಿ, ಮೇಲಿನಿಂದ ಮೆಲ್ಲಗೆ ಒತ್ತಿ, ಕುದಿಯುವ ನೀರು 300 ಮಿಲಿ ಸುರಿದು ಮುಚ್ಚಿಡಿ. ಇಪ್ಪತ್ತು ನಿಮಿಷಕ್ಕೆ ಡಿಕಾಕ್ಷನ್ ಇಳಿದಿರುತ್ತದೆ. ಅದನ್ನು ಮತ್ತೆ ಕುದಿಸಬೇಡಿ, ಕಹಿಯಾಗುತ್ತದೆ. ಹಾಲನ್ನು ಬಿಸಿ ಮಾಡಿ ಬೆರೆಸಿ. ತೂತು ಕಟ್ಟಿಕೊಂಡು ಇಳಿಯುವುದು ನಿಂತರೆ ಫಿಲ್ಟರಿನ ಮೇಲಿನ ಪಾತ್ರೆಯ ತಳವನ್ನು ಗ್ಯಾಸ್ ಉರಿಯಲ್ಲಿ ಸ್ವಲ್ಪ ಕಾಯಿಸಿ, ಕೊಡವಿ. ಅದಕ್ಕೆ ಇಂಡಕ್ಷನ್ ಆಗುವುದಿಲ್ಲ, ಯಾರಾದರೂ ಮನೆಗೆ ಒಯ್ಯಬೇಕು. ಮತ್ತೆ, ಯಾವ ದಿನ ಫಿಲ್ಟರ್ ತೊಳೆಯುವ ಸರದಿ ಯಾರದು ಎಂದು ಮೊದಲ ದಿನವೇ ಬರೆದು ಗೋಡೆಗೆ ಅಂಟಿಸಿ. ಮಾಲೀಕರ ಹೆಸರೂ ಅದರಲ್ಲಿರಲಿ.